ಮನೆಗೆ ಯಾವ ವಾಲ್ವ್ ಸೆಟ್: ಹಳೆಯದೋ, ಹೊಸದೋ?



ಕೊಟ್ಟೂರಿನ ತೇರಿರಲಿ, ಹರಪನಹಳ್ಳಿ ಸೀಮೆಯ ಬಯಲಾಟವಿರಲಿ, ಕೂಡ್ಲಿಗಿಯ ಮದುವೆಯಿರಲಿ, ಮೈಕ್‌ಸೆಟ್ ಬೇಕೇ ಬೇಕು. ಟ್ರಾನ್ಸಿಸ್ಟರ್ ಬರುವ ಮುನ್ನ ಆಂಪ್ಲಿಫೈಯರಿನೊಳಗೆ ಕೆಂಪಗೆ ಕಾಯುತ್ತಿದ್ದುದು ಗಾಜಿನ ವಾಲ್ವ್. ಬಾಸ್ ಗಿಟಾರ್ ನುಡಿಸುವವರಲ್ಲಿ ಅನೇಕರಿಗೆ ಇಂದಿಗೂ ಅದರ ನಾದವೇ ಇಷ್ಟ. ಶಕ್ತಿ ಮೀರಿದಾಗ ಟ್ರಾನ್ಸಿಸ್ಟರ್ ಧ್ವನಿಯನ್ನು ಥಟ್ಟನೆ ಕತ್ತರಿಸುತ್ತದೆ. ವಾಲ್ವ್ ಮೆಲ್ಲಗೆ ದುಂಡಗಾಗಿಸುತ್ತದೆ.

ಮನೆಗೆ ಎಷ್ಟು ಶಕ್ತಿ ಬೇಕು? ಅಮೆರಿಕದ ಆಂಪೆಗ್ ಸಂಸ್ಥೆ 1969ರಲ್ಲಿ ತಂದ ಎಸ್‌ವಿಟಿ 300 ವ್ಯಾಟ್‌ನದು, ಅದು ಮೈದಾನಕ್ಕೆ. ಅದೇ ಸಂಸ್ಥೆಯ 1960ರ ಬಿ-15 ಸುಮಾರು 25 ವ್ಯಾಟ್. ಮನೆಗೆ ಅಷ್ಟು ಧಾರಾಳವಾಯಿತು.

ಹಳೆಯದನ್ನು ಕೊಳ್ಳುವವರು ಮೊದಲು ಬೆನ್ನು ನೋಡಬೇಕು. ಅಮೆರಿಕದ ಸೆಟ್ 120 ವೋಲ್ಟ್‌ಗೆ ಮಾಡಿದ್ದು. ನಮ್ಮ ಲೈನು 230. ನಡುವೆ ಟ್ರಾನ್ಸ್‌ಫಾರ್ಮರ್ ಇಡದಿದ್ದರೆ ಸೆಟ್ ಸುಟ್ಟೀತು. ಹಳೆಯ ಎರಡು ಪಿನ್ನಿನ ವೈರಿನಲ್ಲಿ ಅರ್ಥಿಂಗ್ ಇರುವುದಿಲ್ಲ. ಗಿಟಾರಿನ ತಂತಿಯಲ್ಲೇ ಶಾಕ್ ಬಂದೀತು. ಒಣಗಿದ ಕೆಪಾಸಿಟರ್ ಗುಂಯ್‌ಗುಡುತ್ತದೆ. ಒಳಗಿನ ಕೆಲವು ನೂರು ವೋಲ್ಟ್ ಸ್ವಿಚ್ ಆರಿಸಿದ ಮೇಲೂ ಉಳಿದಿರಬಲ್ಲದು. ಆದ್ದರಿಂದ ವಾಲ್ವ್ ಬಲ್ಲ ಮೆಕ್ಯಾನಿಕ್ ಹೊರತು ಬೇರಾರೂ ಮುಚ್ಚಳ ತೆಗೆಯಬಾರದು.

ಹೊಸದರಲ್ಲಿ ಅರ್ಥಿಂಗ್ ಇರುತ್ತದೆ, 230 ವೋಲ್ಟ್‌ನದೇ ಸಿಗುತ್ತದೆ. ಆದರೆ ಅಚ್ಚಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ರಿಪೇರಿ ಕಷ್ಟ. ಹಳೆಯದರಲ್ಲಿ ಕೈಯಿಂದ ಬೆಸೆದ ವೈರು ಕಣ್ಣಿಗೇ ಕಾಣುತ್ತದೆ.

ಎರಡರಲ್ಲೂ ವಾಲ್ವ್ ಸವೆಯುತ್ತದೆ. ಹೊಸ ವಾಲ್ವ್‌ಗಳು ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಈಗಲೂ ತಯಾರಾಗುತ್ತವೆ. ಸ್ಪೀಕರ್ ಜೋಡಿಸದೆ ಯಾವುದನ್ನೂ ನುಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದೀತು.

ಹಡಗಲಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ವಾಲ್ವ್ ಬಲ್ಲ ಕೈ ಹತ್ತಿರವಿದ್ದರೆ ಹಳೆಯದು ಆದೀತು. ಇಲ್ಲದಿದ್ದರೆ ಸಣ್ಣದೊಂದು ಹೊಸ ಸೆಟ್ಟೇ ಲೇಸು.