ಅಗ್ಗದ ದಾರಿ, ತುಟ್ಟಿಯ ಟಿಕೀಟು

ದುಬಲಗುಂಡಿ ಎಂಬ ಹೆಸರನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಕೇಳಿರಲಾರರು. ಬೀದರ ಜಿಲ್ಲೆಯ ಹುಮನಾಬಾದು ತಾಲ್ಲೂಕಿಗೆ ಸೇರಿದ ಗ್ರಾಮವದು. ದೇಶಾಟನದ ವಿಷಯವಾಗಿ ಮಾತನಾಡಹೊರಟವನು ಕಾಶಿಯನ್ನೋ ಕಾಶ್ಮೀರವನ್ನೋ ಬಿಟ್ಟು ಈ ಊರಿನಿಂದೇಕೆ ಆರಂಭಿಸಿದನೆಂದು ನೀವು ಕೇಳಬಹುದು. ಕಾರಣವಿಷ್ಟೇ. ಟಿಕೀಟಿನ ಬೆಲೆ ಏತರಿಂದ ಏರುತ್ತದೆ, ಏತರಿಂದ ಇಳಿಯುತ್ತದೆ ಎಂಬುದನ್ನು ತಿಳಿಯಬೇಕಾದರೆ ದೊಡ್ಡ ಪಟ್ಟಣದ ನಿಲ್ದಾಣದಲ್ಲಿ ನಿಂತು ನೋಡಿದರೆ ಸಾಲದು. ಇಂಥ ಊರಿನಿಂದ ಹೊರಟು ಇಂಥ ಊರಿಗೆ ಮರಳುವವನ ಕಿಸೆಯ ಕಡೆಯಿಂದ ನೋಡಬೇಕು.

ದಾರಿ ಹಿಡಿಯುವವರಲ್ಲಿ ಎರಡು ತೆರ. ಬೆನ್ನಿಗೊಂದು ಚೀಲ ಕಟ್ಟಿ, ಅಲ್ಪ ವೆಚ್ಚದಲ್ಲಿ ದೇಶ ನೋಡಿ ಬರುತ್ತೇನೆಂದು ಹೊರಡುವ ತರುಣನು ಒಬ್ಬ. ಅವನಿಗೆ ಮಿತವ್ಯಯವು ಒಂದು ವ್ರತ. ತಾನಾಗಿ ಹಿಡಿದದ್ದು, ಸಾಕೆನಿಸಿದಾಗ ಬಿಡಬಹುದಾದದ್ದು. ಇನ್ನೊಬ್ಬನು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೋ ವಿದ್ಯಾಭ್ಯಾಸಕ್ಕೋ ನಿಂತು, ಯುಗಾದಿಗೋ ದೀಪಾವಳಿಗೋ, ಇಲ್ಲವೆ ತಾಯಿಗೆ ಕಾಯಿಲೆಯೆಂಬ ಸುದ್ದಿ ಕೇಳಿಯೋ ಊರಿಗೆ ಹೊರಟವನು. ಮೊದಲನೆಯವನನ್ನು ಪ್ರವಾಸಿಯೆಂದೂ ಎರಡನೆಯವನನ್ನು ಪ್ರಯಾಣಿಕನೆಂದೂ ಕರೆಯೋಣ. ಇಬ್ಬರೂ ಒಂದೇ ಕಿಟಕಿಯಲ್ಲಿ ಕೈ ನೀಡುತ್ತಾರೆ. ಆದರೆ ಇಬ್ಬರಿಗೂ ಒಂದೇ ಉಪದೇಶ ಹೇಳಿದರೆ ಅನ್ಯಾಯವಾಗುತ್ತದೆ. ಮೊದಲು ಪ್ರವಾಸಿಯ ಮಾತನ್ನು ಮುಗಿಸುತ್ತೇನೆ, ಅದು ಸುಲಭ.

ನನ್ನ ಪರಿಚಯದ ಒಬ್ಬ ವಿದ್ಯಾರ್ಥಿ ಕಲ್ಯಾಣವನ್ನು ನೋಡಬೇಕೆಂದು ಬೆಂಗಳೂರಿನಲ್ಲಿ ವಿಚಾರಿಸಿದ. ಬಾಡಿಗೆ ಕಾರು, ಊಟ, ವಸತಿ ಎಲ್ಲವನ್ನೂ ಕೂಡಿಸಿ ಒಂದು ಮೊತ್ತವನ್ನು ಹೇಳಿದರಂತೆ. ಆ ಮೊತ್ತದಲ್ಲಿ ಅವನ ಒಂದು ತಿಂಗಳ ಊಟ ನಡೆಯುತ್ತಿತ್ತು. ಅವನು ಅದನ್ನು ಬಿಟ್ಟು, ರಾತ್ರಿಯ ರೈಲಿನಲ್ಲಿ ಕಲಬುರಗಿಗೆ ಬಂದ. ಅಲ್ಲಿಂದ ಹುಮನಾಬಾದಿಗೆ ಸಾಮಾನ್ಯ ರೈಲು. ಹುಮನಾಬಾದಿನಿಂದ ಸುಮಾರು 30 ಕಿಲೋಮೀಟರು ದೂರದ ಕಲ್ಯಾಣಕ್ಕೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು. ಈ ಸೀಮೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಸಾಮಾನ್ಯ ಬಸ್ಸು ಎಲ್ಲ ಊರುಗಳಲ್ಲಿಯೂ ನಿಲ್ಲುತ್ತದೆಂದು ದೂರುವವರುಂಟು. ಊರುಗಳನ್ನು ನೋಡುವುದಕ್ಕಾಗಿಯೇ ಹೊರಟವನಿಗೆ ಅದು ದೂರಲ್ಲ, ಅನುಕೂಲ. ಹುಮನಾಬಾದು ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಚಾಲುಕ್ಯ ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತಿದ್ದಾಳೆ. ಐವತ್ತು ವರ್ಷ, 1076ರಿಂದ 1126ರವರೆಗೆ, ಕಲ್ಯಾಣದಿಂದ ಆಳಿದ ದೊರೆಯವನು. ಬಾಡಿಗೆ ಕಾರಿನವರ ಪಟ್ಟಿಯಲ್ಲಿ ಜಲಸಂಗಿಯ ಹೆಸರಿರಲಿಲ್ಲವೆಂದು ನಮ್ಮ ವಿದ್ಯಾರ್ಥಿ ಹೇಳಿದ.

ಊಟ ವಸತಿಗಳ ವಿಷಯದಲ್ಲಿಯೂ ಈ ಕಡೆಯ ಜನ ಹಿಂದಿನಿಂದ ಉದಾರಿಗಳು. ದಾಸೋಹವೆಂಬ ಮಾತು ಹೆಸರಾದದ್ದೇ ಕಲ್ಯಾಣದಲ್ಲಿ. ಹುಮನಾಬಾದಿಗೆ ಹತ್ತಿದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವುಂಟು. ಬೀದರಿನಲ್ಲಿ ನಾನಕ ಝೀರಾ ಗುರುದ್ವಾರದ ಪಂಕ್ತಿಯುಂಟು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದಳೆಂದು ಹೇಳುತ್ತಾರೆ. ಆಕೆಯ ಬೆನ್ನಿಗೆ ಚೀಲವೂ ಇರಲಿಲ್ಲ. ಆದರೆ ಇಂದಿನ ತರುಣರಿಗೆ ಒಂದು ಮಾತು. ಮಠದಲ್ಲಿ ಉಂಡು ಮಲಗಿ, ಹೊರಡುವಾಗ ಕಾಣಿಕೆಯ ಪೆಟ್ಟಿಗೆಯನ್ನು ಕಂಡೂ ಕಾಣದವರಂತೆ ದಾಟುವುದು ಮಿತವ್ಯಯವಲ್ಲ. ಅದಕ್ಕೆ ಬೇರೆ ಹೆಸರಿದೆ.

ಇನ್ನು ಟಿಕೀಟು. ರೈಲಿನ ದರದಲ್ಲಿ ಒಂದು ಗುಟ್ಟಿದೆ. ಅದನ್ನು ಅರಿತವರು ಕಡಮೆ. ದೂರ ಹೆಚ್ಚಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತ ಹೋಗುತ್ತದೆ. ಆದ್ದರಿಂದ ನೂರು ನೂರು ಕಿಲೋಮೀಟರಿಗೆ ಹತ್ತು ಟಿಕೀಟು ಕೊಳ್ಳುವುದಕ್ಕಿಂತ ಸಾವಿರಕ್ಕೆ ಒಂದೇ ಟಿಕೀಟು ಕೊಳ್ಳುವುದು ಲಾಭ. ನಡುದಾರಿಯಲ್ಲಿ ಇಳಿಯಬೇಕೆಂದರೋ? ಸಾಧಾರಣ ರೈಲುಗಳ ದೂರದ ಟಿಕೀಟಿನಲ್ಲಿ ಮೊದಲ 500 ಕಿಲೋಮೀಟರು ಕಳೆದ ಮೇಲೆ ಎರಡು ದಿನ ತಂಗಲು ನಿಯಮದಲ್ಲಿಯೇ ಅವಕಾಶವಿದೆ. ಸಾವಿರ ಕಿಲೋಮೀಟರಿನವರೆಗೆ ಒಂದು ಸಲ, ಅದಕ್ಕೆ ಮೀರಿದರೆ ಎರಡು ಸಲ. ಇನ್ನೂ ಉತ್ತಮವಾದದ್ದು ಸುತ್ತು ಪ್ರಯಾಣದ ಟಿಕೀಟು. ಹೊರಟ ನಿಲ್ದಾಣಕ್ಕೇ ಮರಳಿ ಮುಗಿಯುವ ಸಂಚಾರಕ್ಕೆ ಇದನ್ನು ಕೊಡುತ್ತಾರೆ. ದಾರಿಯಲ್ಲಿ ಎಂಟು ಕಡೆಗಳವರೆಗೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಎರಡು ನೀಳ ಪ್ರಯಾಣಗಳೆಂದು ಲೆಕ್ಕ ಹಿಡಿದು ದರ ಕಟ್ಟುತ್ತಾರಾದ್ದರಿಂದ ಉಳಿತಾಯ ಗಣನೀಯ. ಇದು ಮೊಬೈಲಿನ ಮೇಲೆ ಬೆರಳೂರಿದೊಡನೆ ಸಿಕ್ಕುವ ಪದಾರ್ಥವಲ್ಲ. ದೊಡ್ಡ ನಿಲ್ದಾಣದಲ್ಲಿಯೋ ವಿಭಾಗದ ವಾಣಿಜ್ಯ ಕಛೇರಿಯಲ್ಲಿಯೋ ಅರ್ಜಿ ಕೊಟ್ಟು, ಸ್ವಲ್ಪ ತಾಳ್ಮೆಯಿಂದ ನಿಂತು ಪಡೆಯಬೇಕು.

ಪ್ರವಾಸಿಗೆ ತಾಳ್ಮೆಯುಂಟು, ದಿನಗಳೂ ಉಂಟು. ಇಂದು ಸಿಕ್ಕದಿದ್ದರೆ ನಾಳೆ ಹೊರಡುತ್ತಾನೆ. ಅವನಿಗೆ ಯಾವ ವ್ಯಾಪಾರಿಯೂ ತುಟ್ಟಿಯ ಟಿಕೀಟನ್ನು ಮಾರಲಾರ.

ಪ್ರಯಾಣಿಕನ ಸಂಗತಿ ಹಾಗಲ್ಲ. ಅವನು ನಾಳೆ ಹೊರಟರೆ ಹಬ್ಬ ಮುಗಿದಿರುತ್ತದೆ. ಕೆಲವು ಸಂದರ್ಭಗಳಲ್ಲಿ ತಾಯಿಯ ಮುಖವೂ ಸಿಕ್ಕುವುದಿಲ್ಲ. ಬೀದರಿನ ಕಡೆಯವನಿಗೆ ಈ ಕಷ್ಟ ಇನ್ನೂ ಒಂದು ತೂಕ ಹೆಚ್ಚು, ಏಕೆಂದರೆ ರಾಜಧಾನಿಗೂ ಅವನ ಊರಿಗೂ ನಡುವೆ ಸುಮಾರು 700 ಕಿಲೋಮೀಟರುಗಳಿವೆ. ಹಾಸನದವನಿಗೋ ತುಮಕೂರಿನವನಿಗೋ ಬಸ್ಸು ತಪ್ಪಿದರೆ ಮತ್ತೊಂದು ಬಸ್ಸು. ಇವನಿಗೆ ತಪ್ಪಿದ್ದು ಒಂದು ಇಡೀ ರಾತ್ರಿ. ಬೀದರು ಕಲಬುರಗಿಗಳ ನಡುವಣ 110 ಕಿಲೋಮೀಟರಿನ ರೈಲುದಾರಿ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಅದಕ್ಕೆ ಮುನ್ನ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದವನು ವಿಕಾರಾಬಾದು, ವಾಡಿಗಳನ್ನು ಸುತ್ತಿ ಬರಬೇಕಾಗಿತ್ತು. ಕಲ್ಯಾಣಕ್ಕೆ ಇಂದಿಗೂ ರೈಲಿಲ್ಲ. ದುಬಲಗುಂಡಿಯಿಂದ ಹೊರಟವನು ಹುಮನಾಬಾದಿಗೆ ಬಂದು, ಅಲ್ಲಿಂದ ಕಲಬುರಗಿ ಸೇರಿ, ಉದ್ಯಾನ ಎಕ್ಸ್‌ಪ್ರೆಸ್ಸನ್ನೋ ಬಸವ ಎಕ್ಸ್‌ಪ್ರೆಸ್ಸನ್ನೋ ಹಿಡಿಯಬಹುದು. ಆದರೆ ಹಬ್ಬದ ಮುಂಚಿನ ವಾರದಲ್ಲಿ ಆ ರೈಲುಗಳ ಮಲಗುವ ಗಾಡಿಯಲ್ಲಿ ಜಾಗ ಹೇಗೆ ಸಿಕ್ಕೀತು? ಕಾದಿರಿಸುವ ಅವಧಿ 2024ರ ನವೆಂಬರಿನಿಂದ 60 ದಿನಗಳು. ಗಾರೆ ಕೆಲಸದವನಿಗೆ ಎರಡು ತಿಂಗಳ ಮುಂಚೆ ತನ್ನ ರಜೆಯ ದಿನ ತಿಳಿದಿರುವುದೆಂದು ಯಾರು ಹೇಳಬಲ್ಲರು?

ಮಿಕ್ಕದ್ದು ತತ್ಕಾಲದ ಟಿಕೀಟು. ಹೊರಡುವ ಹಿಂದಿನ ದಿನ ಮಲಗುವ ಗಾಡಿಗೆ ಬೆಳಿಗ್ಗೆ 11 ಘಂಟೆಗೆ ಅದರ ಬಾಗಿಲು ತೆರೆಯುತ್ತದೆ. ಮೂಲ ದರದ ಮೇಲೆ ನೂರಕ್ಕೆ 30. ಕನಿಷ್ಠ 100 ರೂಪಾಯಿ, ಗರಿಷ್ಠ 200. ಇದು ದುಬಾರಿಯೆಂದು ನಾನು ಹೇಳುವುದಿಲ್ಲ; ಬರೆದಿಟ್ಟ ಬೆಲೆ, ಎಲ್ಲರಿಗೂ ಒಂದೇ ಬೆಲೆ. ದುಬಾರಿಯಾಗುತ್ತಿದ್ದುದು ನಡುವೆ ನಿಂತ ದಲ್ಲಾಳಿಯಿಂದ. 2025ರ ಜುಲೈ ತಿಂಗಳಲ್ಲಿ ತತ್ಕಾಲಕ್ಕೆ ಆಧಾರ್ ಗುರುತನ್ನು ಕಡ್ಡಾಯ ಮಾಡಿ, ಮೊದಲ ಅರ್ಧ ಘಂಟೆ ಏಜೆಂಟರನ್ನು ಹೊರಗಿಟ್ಟದ್ದು ಒಳ್ಳೆಯದಾಯಿತು. ಅನುಮತಿಯಿಲ್ಲದೆ ಟಿಕೀಟು ಕೊಂಡು ಮಾರುವವನಿಗೆ 1989ರ ರೈಲ್ವೆ ಕಾಯಿದೆಯ 143ನೆಯ ಕಲಮು ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಆ ಕಲಮಿನ ವಿಷಯ ಜನಕ್ಕೆ ತಿಳಿದಿದ್ದರೆ, ಮೂಲೆಯ ಅಂಗಡಿಯಲ್ಲಿ ಹೆಚ್ಚಿಗೆ ತೆತ್ತು ಬರುವವರು ಕಡಮೆಯಾಗುತ್ತಿದ್ದರು.

ಅದೂ ಸಿಕ್ಕದಿದ್ದರೆ ಕಾದಿರಿಸದ ಸಾಮಾನ್ಯ ಗಾಡಿ. ಅದರ ವರ್ಣನೆಗೆ ನಾನು ಹೊಸ ಮಾತು ಹುಡುಕಬೇಕಾಗಿಲ್ಲ. 1917ರಲ್ಲಿ ಗಾಂಧೀಜಿ ಮುಂಬಯಿಯಿಂದ ಮದರಾಸಿಗೆ ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡಿದರು. ಟಿಕೀಟಿಗೆ ಕೊಟ್ಟದ್ದು 13 ರೂಪಾಯಿ 9 ಆಣೆ. ಗಾಡಿಯ ಮೇಲೆ ಬರೆದದ್ದು 22 ಜನರಿಗೆ ಎಂದು. ಪುಣೆಯವರೆಗೆ ಹೇಗೋ ನಡೆಯಿತು. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾಗದಷ್ಟಾಯಿತೆಂದು ಅವರೇ ಬರೆದಿದ್ದಾರೆ. ಅದೇ ರಾಯಚೂರು, ಅದೇ ಹಳಿ; ಕಲಬುರಗಿಯಿಂದ ಬೆಂಗಳೂರಿಗೆ ಹೋಗುವವನು ಇಂದಿಗೂ ಅಲ್ಲಿಯೇ ಹಾಯುತ್ತಾನೆ. ಮೂರನೆಯ ತರಗತಿ ಎಂಬ ಹೆಸರನ್ನು 1974ರಲ್ಲಿ ತೆಗೆದುಹಾಕಿದರು. ಹೆಸರಷ್ಟೇ ಹೋಯಿತೋ ಎಂಬುದನ್ನು ದೀಪಾವಳಿಯ ಹಿಂದಿನ ರಾತ್ರಿ ಸಾಮಾನ್ಯ ಗಾಡಿಯ ಬಾಗಿಲಲ್ಲಿ ನಿಂತವರು ಹೇಳಬೇಕು.

ಹೀಗೆ ರೈಲಿನ ದಾರಿಗಳೆಲ್ಲ ಮುಚ್ಚಿಕೊಂಡಾಗ, ಹೆಂಡತಿ ಮಕ್ಕಳೊಡನೆ ಹೊರಟವನು ಖಾಸಗಿಯವರ ರಾತ್ರಿ ಬಸ್ಸಿನ ಮುಂದೆ ಬಂದು ನಿಲ್ಲುತ್ತಾನೆ. ಬೇರೆ ವಾರಗಳಲ್ಲಿ ಸಾವಿರ ರೂಪಾಯಿಗೆ ಸಿಕ್ಕುವ ಹಾಸಿಗೆ ಹಬ್ಬದ ವಾರದಲ್ಲಿ ಎರಡು ಸಾವಿರ, ಮೂರು ಸಾವಿರವಾದರೆ ಅವನು ಯಾರನ್ನು ಕೇಳಬೇಕು? ಇಲ್ಲಿ ಕಾಯಿದೆಯ ಒಂದು ಸೂಕ್ಷ್ಮವನ್ನು ತಿಳಿಸಬೇಕಾಗಿದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಎರಡು ಜಾತಿಯ ಬಸ್ಸುಗಳಿವೆ. ನಿಲ್ದಾಣದಿಂದ ನಿಲ್ದಾಣಕ್ಕೆ ಒಬ್ಬೊಬ್ಬರಿಂದ ಬೇರೆ ಬೇರೆ ದರ ಪಡೆದು ಓಡುವುದು ಒಂದು; ಅದರ ದರವನ್ನು ಸರ್ಕಾರ ಗೊತ್ತುಪಡಿಸುತ್ತದೆ. ಇಡೀ ಬಸ್ಸನ್ನು ಒಂದು ಒಪ್ಪಂದಕ್ಕೆ, ಮದುವೆಯ ದಿಬ್ಬಣಕ್ಕೋ ಯಾತ್ರೆಗೋ, ಗುತ್ತಿಗೆ ಕೊಡುವುದು ಇನ್ನೊಂದು. ರಾತ್ರಿ ಓಡುವ ಖಾಸಗಿ ಬಸ್ಸುಗಳಲ್ಲಿ ಹೆಚ್ಚಿನವು ಎರಡನೆಯ ಪರವಾನಗಿಯನ್ನು ಕೈಯಲ್ಲಿ ಹಿಡಿದು ಮೊದಲನೆಯ ವ್ಯಾಪಾರವನ್ನು ನಡೆಸುತ್ತವೆ. ಕಾಗದದಲ್ಲಿ ದಿಬ್ಬಣ, ಒಳಗೆ ಪರಸ್ಪರ ಮುಖಪರಿಚಯವೂ ಇಲ್ಲದ ಮೂವತ್ತು ಜನ. ಪ್ರತಿ ಹಬ್ಬದ ಮುಂಚೆ ಸಾರಿಗೆ ಅಧಿಕಾರಿಗಳ ಎಚ್ಚರಿಕೆ ಪತ್ರಿಕೆಗಳಲ್ಲಿ ಬರುತ್ತದೆ. ಹಬ್ಬ ಮುಗಿದ ಮೇಲೆ ದರವೂ ಇಳಿಯುತ್ತದೆ, ಎಚ್ಚರಿಕೆಯೂ ಇಳಿಯುತ್ತದೆ.

ಬೇಡಿಕೆ ಏರಿದಾಗ ಬೆಲೆ ಏರುವುದು ಅರ್ಥಶಾಸ್ತ್ರದ ನಿಯಮ, ಅದನ್ನು ಯಾರು ತಡೆಯಬಲ್ಲರು ಎಂದು ವಿದ್ಯಾವಂತರು ಕೇಳುತ್ತಾರೆ. ಸರ್ಕಾರವೇ ಆ ಮಾರ್ಗ ಹಿಡಿದದ್ದೂ ನಿಜ. 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ, ಹತ್ತು ಪಾಲಿನಲ್ಲಿ ಒಂದು ಪಾಲು ಜಾಗ ಮಾರಾಟವಾದಂತೆಲ್ಲ ದರವನ್ನು ನೂರಕ್ಕೆ ಹತ್ತರಂತೆ ಏರಿಸುವ ಪದ್ಧತಿ ಬಂದಿತು. ಆದರೆ ಅಲ್ಲಿಯೂ ಒಂದು ಮಿತಿಯನ್ನಿಟ್ಟರು: ಹೆಚ್ಚೆಂದರೆ ಒಂದೂವರೆ ಪಟ್ಟು. ತಡೆಯಲಾಗದೆಂಬುದಕ್ಕೆ ಇನ್ನೂ ದೊಡ್ಡ ಉತ್ತರ 2025ರ ಡಿಸೆಂಬರಿನಲ್ಲಿ ದೊರೆಯಿತು. ವಿಮಾನಗಳು ಸಾಲುಸಾಲಾಗಿ ರದ್ದಾಗಿ ದರಗಳು ಮುಗಿಲಿಗೇರಿದಾಗ, ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಮಿತಿ ಹಾಕಿತು: 500 ಕಿಲೋಮೀಟರಿನವರೆಗೆ 7,500 ರೂಪಾಯಿ, ಸಾವಿರದವರೆಗೆ 12,000. ಆಕಾಶದಲ್ಲಿ ಹೋಗುವವರಿಗೆ ಒಂದು ವಾರದೊಳಗೆ ಸಾಧ್ಯವಾದದ್ದು ನೆಲದ ಮೇಲೆ ಹೋಗುವವರಿಗೆ ಏಕೆ ಅಸಾಧ್ಯವೆಂಬುದು ನನಗೆ ಅರ್ಥವಾಗಿಲ್ಲ.

ನೆರೆಯವರು ಅದನ್ನು ಸಾಧ್ಯವೆಂದೇ ಬಗೆದರು. ಹುಮನಾಬಾದಿನಿಂದ ಪಶ್ಚಿಮಕ್ಕೆ ಹೆದ್ದಾರಿಯಲ್ಲಿ ಹೋದರೆ ಉಮರ್ಗಾ, ಅದು ಮಹಾರಾಷ್ಟ್ರ. ಆ ರಾಜ್ಯದವರು 2018ರಲ್ಲಿ, ಸರ್ಕಾರಿ ಬಸ್ಸಿನ ದರದ ಒಂದೂವರೆ ಪಟ್ಟನ್ನು ಮೀರಿ ಖಾಸಗಿ ಬಸ್ಸಿನವರು ಪಡೆಯಕೂಡದೆಂದು ಆಜ್ಞೆ ಹೊರಡಿಸಿದರು. ಆಜ್ಞೆ ಬರೆದೊಡನೆ ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಬರೆದ ಅಂಕೆಯೊಂದಿದ್ದರೆ ಬಡವನು ಅದನ್ನು ತೋರಿಸಿ ಮಾತನಾಡಬಹುದು, ಇಲ್ಲದಿದ್ದರೆ ಬೇಡಿಕೊಳ್ಳಬೇಕು.

ಬೀದರ ಸೀಮೆಗೆ ಇದು ಹೊಸ ವಿಚಾರವೂ ಅಲ್ಲ. ನಿಜಾಮರ ರಾಜ್ಯದಲ್ಲಿ 1932ರ ಜೂನ್ ತಿಂಗಳಲ್ಲಿಯೇ ರೈಲ್ವೆ ಇಲಾಖೆಯ ಅಂಗವಾಗಿ ಸರ್ಕಾರಿ ಬಸ್ಸುಗಳು ಓಡತೊಡಗಿದವು. ಆಗ ಇದ್ದದ್ದು 27 ಬಸ್ಸುಗಳು. ರಸ್ತೆಯ ಮೇಲಿನ ಪ್ರಯಾಣ ಕೇವಲ ಲಾಭದ ವ್ಯಾಪಾರವಲ್ಲ, ರಾಜ್ಯದ ಹೊಣೆಯೆಂಬುದನ್ನು ಹಿಂದೂಸ್ತಾನದಲ್ಲಿ ಮೊದಲು ಒಪ್ಪಿಕೊಂಡವರ ಸಾಲಿನಲ್ಲಿ ಈ ಸೀಮೆ ಸೇರುತ್ತದೆ. ಇಂದು ಆ ಹೊಣೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಮೇಲಿದೆ. ಅದರ ಮಲಗುವ ಬಸ್ಸಿಗೆ ಅಮೋಘವರ್ಷನ ಹೆಸರಿಟ್ಟಿದ್ದಾರೆ. ಮಳಖೇಡದ ಚಕ್ರವರ್ತಿಗೆ ಇಂಥ ಗೌರವ ಬಂದೀತೆಂದು ಯಾರು ಎಣಿಸಿದ್ದರು! ಹೆಸರಿನ ಮಾತು ಹಾಗಿರಲಿ, ಹಬ್ಬದ ವಾರದಲ್ಲಿ ಆ ಚಕ್ರವರ್ತಿಗಳ ಸಂಖ್ಯೆ ಹೆಚ್ಚಬೇಕು.

2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ದುಡ್ಡಿಲ್ಲದೆ ಪ್ರಯಾಣ ಮಾಡುತ್ತಿದ್ದಾರೆ. ದುಬಲಗುಂಡಿಯ ಒಬ್ಬ ಮುದುಕಿ ಕಲಬುರಗಿಯ ಆಸ್ಪತ್ರೆಗೆ ಹೋಗಿ ಬಂದರೆ ಖರ್ಚು ಸೊನ್ನೆ. ಅದೇ ಮುದುಕಿ ಹೈದರಾಬಾದಿನಲ್ಲಿರುವ ಮಗನನ್ನು ನೋಡಹೊರಟರೆ ಈ ಸೌಕರ್ಯ ಅವಳಿಗಿಲ್ಲ. ತೆಲಂಗಾಣದಲ್ಲಿಯೂ 2023ರ ಡಿಸೆಂಬರಿನಿಂದ ಹೆಂಗಸರಿಗೆ ಇಂಥ ಏರ್ಪಾಟು ಇದೆ, ಆದರೆ ಆ ರಾಜ್ಯದವರಿಗೆ ಮಾತ್ರ. ಹೀಗಾಗಿ ಎರಡು ಉದಾರ ಸರ್ಕಾರಗಳ ನಡುವೆ ಜಹೀರಾಬಾದಿನ ದಾರಿಯಲ್ಲಿ ಆಕೆ ಪೂರ್ತಿ ದರ ಕೊಡುತ್ತಾಳೆ. ಗಡಿಯ ಜನಕ್ಕೆ ಮಗನೂ ಆಸ್ಪತ್ರೆಯೂ ಗಡಿಯ ಆಚೆಗೇ ಇರುವುದು ಸಾಮಾನ್ಯ. ಎರಡು ಕಡೆಯ ನಿಗಮಗಳು ಕೂತು ಮಾತನಾಡಿ, ಗಡಿಯ ತಾಲ್ಲೂಕುಗಳಿಗಾದರೂ ಒಂದು ಪರಸ್ಪರ ಒಪ್ಪಂದವನ್ನು ಮಾಡಿಕೊಳ್ಳಬಹುದು.

ಅದಾಗುವವರೆಗೆ, ಬೆಂಗಳೂರಿನಲ್ಲಿರುವ ನಮ್ಮ ಶ್ರೋತೃಗಳು ಒಂದು ಕೆಲಸ ಮಾಡಬಹುದು. ನಿಮ್ಮ ಮನೆಗೆ ಗಿಲಾವು ಮಾಡುತ್ತಿರುವವನು, ನಿಮ್ಮ ಓಣಿಯಲ್ಲಿ ಕಾವಲಿರುವವನು ಬೀದರಿನ ಕಡೆಯವನೋ ಎಂದು ವಿಚಾರಿಸಿರಿ. ಹೌದಾದರೆ, ಹಬ್ಬಕ್ಕೆ ರಜ ಯಾವಾಗ ಕೊಡುವಿರೆಂಬುದನ್ನು ಎರಡು ತಿಂಗಳು ಮುಂಚಿತವಾಗಿ ಅವನಿಗೆ ಹೇಳಿರಿ. ಅರುವತ್ತನೆಯ ದಿನ ಬೆಳಿಗ್ಗೆ ಅವನ ಪರವಾಗಿ ರೈಲಿನ ಟಿಕೀಟನ್ನು ಹೇಗೆ ತೆಗೆಸಬೇಕೆಂಬುದು ನಿಮ್ಮ ಮನೆಯ ಹುಡುಗರಿಗೆ ಗೊತ್ತಿದೆ.