ಟರ್ಮಿನಿಯ ಟಿಕೆಟ್ ಯಂತ್ರದ ಮುಂದೆ

ರೋಮ್ ನಗರದ ದೊಡ್ಡ ರೈಲು ನಿಲ್ದಾಣ ಟರ್ಮಿನಿ. ಅಲ್ಲಿನ ಟಿಕೆಟ್ ಯಂತ್ರದ ಮುಂದೆ ನೀವು ತಡಕಾಡುತ್ತಿರುವಾಗಲೇ ಯಾರೋ ಪಕ್ಕಕ್ಕೆ ಬಂದು, ಕೇಳುವ ಮೊದಲೇ ಪರದೆಯ ಮೇಲೆ ಬೆರಳಾಡಿಸುತ್ತಾರೆ. ಟಿಕೆಟ್ ಬಂದೊಡನೆ ಕೈಚಾಚುತ್ತಾರೆ. ಕೆಲವೊಮ್ಮೆ ನಿಮ್ಮ ಚಿಲ್ಲರೆಯೇ ಮಾಯ. ಇನ್ನು ಕೆಲವರು ಪೆಟ್ಟಿಗೆಯನ್ನು ಬೋಗಿಗೆ ಏರಿಸಿ ಯೂರೋ ಕೇಳುತ್ತಾರೆ. ಜೇಬುಗಳ್ಳರಿದ್ದಾರೆ ಎಚ್ಚರ ಎಂದು ಆ ಯಂತ್ರವೇ ಕೂಗಿ ಹೇಳುತ್ತದೆ. ಆದರೂ ನಮ್ಮವರಿಗೆ, ಅದರಲ್ಲೂ ಮಕ್ಕಳನ್ನು ನೋಡಲು ಹೊರಟ ಹಿರಿಯರಿಗೆ, ‘ಬೇಡಪ್ಪ’ ಎನ್ನಲು ಸಂಕೋಚ. ಆ ಸಂಕೋಚವೇ ಹೀಗೆ ಕೈಚಾಚುವವರ ಬಂಡವಾಳ. ಹಾಗೆಂದು ಎಲ್ಲರನ್ನೂ ಅನುಮಾನಿಸಬೇಕಿಲ್ಲ. ಮನಸ್ಸಿಟ್ಟು ದಾರಿ ತೋರುವವರು ಅಲ್ಲೂ ಇದ್ದಾರೆ. ನೆರವು ಬೇಕೆನಿಸಿದಾಗ ನೀವಾಗಿಯೇ ಕೌಂಟರಿಗೆ ಹೋಗಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಯಾರಾದರೂ ಬೆದರಿಸಿದರೆ 112ಕ್ಕೆ ಕರೆ ಮಾಡಿ. ಯುರೋಪ್ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ ಅದೇ.