ಕಂಪೆನಿ ಉಳಿದರೆ ಶೇರುದಾರ ಉಳಿದಂತೆಯೇ?



ಶೇರು ಪೇಟೆಯೆಂದರೆ ಮುಂಬೈಯ ಶ್ರೀಮಂತರ ವ್ಯವಹಾರವೆಂದು ತಿಳಿದಿದ್ದ ಕಾಲವೊಂದಿತ್ತು. ಈಗ ಅದು ನಮ್ಮ ಪಟ್ಟಣಗಳ ಓಣಿಗಳಿಗೆ ಬಂದಿದೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳ ಸಂಖ್ಯೆಯು 2022ರ ಆಗಸ್ಟ್‌ನಲ್ಲಿ 10 ಕೋಟಿಯನ್ನು ದಾಟಿತು. ಗಲ್ಫ್‌ನಿಂದ ಮರಳಿದವರು, ಸಣ್ಣ ವ್ಯಾಪಾರಿಗಳು, ಕಾಲೇಜು ಮುಗಿಸಿದ ಯುವಕರು ಎಲ್ಲರೂ ಈ ಲೆಕ್ಕದೊಳಗಿದ್ದಾರೆ. ಬಡ್ಡಿಯ ಠೇವಣಿ ಬೇಡವೆಂಬ ಕಾರಣಕ್ಕೆ ಉಳಿತಾಯಕ್ಕೆ ಬೇರೆ ದಾರಿ ಹುಡುಕುವವರು ನಮ್ಮಲ್ಲಿ ಬಹಳ ಮಂದಿ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಆ ಹುಡುಕಾಟಕ್ಕೆ ಸಾವಿರಾರು ಕುಟುಂಬಗಳು ತೆತ್ತ ಬೆಲೆಯನ್ನು ನಾವು ಮರೆತಿಲ್ಲ. ಆದರೆ ಅದು ವಂಚನೆಯಾಗಿತ್ತು. ನಾವು ಇಂದು ಮಾತನಾಡಲಿರುವುದು ವಂಚನೆಯ ಬಗ್ಗೆ ಅಲ್ಲ. ಎಲ್ಲವೂ ಕಾನೂನಿನ ಚೌಕಟ್ಟಿನಲ್ಲಿ, ಎಲ್ಲರ ಕಣ್ಣೆದುರಿನಲ್ಲೇ ನಡೆಯುತ್ತಿರುವಾಗಲೂ ಸಣ್ಣ ಹೂಡಿಕೆದಾರನ ಪಾಲು ಹೇಗೆ ಕರಗುತ್ತದೆಂಬುದರ ಬಗ್ಗೆ.

ಉದಾಹರಣೆಗೆ ವೊಡಾಫೋನ್ ಐಡಿಯಾ ಕಂಪೆನಿಯನ್ನೇ ತೆಗೆದುಕೊಳ್ಳೋಣ. ಲಕ್ಷಾಂತರ ಸಾಮಾನ್ಯ ಜನರು ಇದರ ಶೇರುಗಳನ್ನು ಕೈಯಲ್ಲಿ ಹಿಡಿದು ಕಾಯುತ್ತಾ ಬಂದಿದ್ದಾರೆ. ಯಾಕೆ ಕಾಯುತ್ತೀರೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಇಷ್ಟು ದೊಡ್ಡ ಕಂಪೆನಿಯನ್ನು ಸರಕಾರ ಮುಳುಗಲು ಬಿಡುವುದಿಲ್ಲ.' ಈ ಮಾತು ಸುಳ್ಳಲ್ಲ. ಸರಕಾರವು ಒಂದಲ್ಲ, ಹಲವು ಬಾರಿ ಅದರ ನೆರವಿಗೆ ಬಂದಿದೆ. ಆದರೆ ಕಂಪೆನಿಯನ್ನು ಉಳಿಸುವುದು ಮತ್ತು ಅದರ ಹಳೆಯ ಶೇರುದಾರನನ್ನು ಉಳಿಸುವುದು ಎರಡು ಬೇರೆ ಬೇರೆ ಕೆಲಸಗಳು. ಮೊದಲನೆಯದು ನಡೆಯುವಾಗಲೇ ಎರಡನೆಯವನ ಪಾಲು ಕಿರಿದಾಗುತ್ತಾ ಹೋಗಬಹುದು. ಇಲ್ಲಿ ನಡೆದಿರುವುದು ಅದುವೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಮಾರುಕಟ್ಟೆಗೆ ಬಂದ ಮೇಲೆ ದರಸಮರದಲ್ಲಿ ಹಳೆಯ ಕಂಪೆನಿಗಳು ಒಂದೊಂದಾಗಿ ಬಸವಳಿದವು. ಪೈಪೋಟಿ ಎದುರಿಸಲು ವೊಡಾಫೋನ್ ಇಂಡಿಯಾ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ಒಂದಾದವು. 2019ರ ಎಪ್ರಿಲ್‌ನಲ್ಲಿ ಕಂಪೆನಿಯು ತನ್ನ ಶೇರುದಾರರಿಂದಲೇ 25 ಸಾವಿರ ಕೋಟಿ ರೂಪಾಯಿ ಕೇಳಿತು. ಕೈಯಲ್ಲಿರುವ ಪ್ರತಿ 38 ಶೇರುಗಳಿಗೆ 87 ಹೊಸ ಶೇರುಗಳು, ತಲಾ 12 ರೂಪಾಯಿ 50 ಪೈಸೆಯಂತೆ. ಇನ್ನು ಒಳ್ಳೆಯ ದಿನ ಬರುತ್ತದೆಂದು ನಂಬಿ ಹಲವರು ಹಣ ಕೊಟ್ಟರು. ಅದೇ ವರ್ಷ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಟೆಲಿಕಾಂ ಕಂಪೆನಿಗಳು ಸರಕಾರಕ್ಕೆ ಪರವಾನಗಿ ಶುಲ್ಕ ಕೊಡುವಾಗ ಟೆಲಿಕಾಂಗೆ ಸಂಬಂಧಿಸದ ಆದಾಯವನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ಸರಕಾರದ ವಾದವನ್ನು ಅದು ಎತ್ತಿಹಿಡಿಯಿತು. ನವೆಂಬರ್‌ನಲ್ಲಿ ಕಂಪೆನಿ ಪ್ರಕಟಿಸಿದ ಮೂರು ತಿಂಗಳ ನಷ್ಟ 50,922 ಕೋಟಿ ರೂಪಾಯಿ. ಎಪ್ರಿಲ್‌ನಲ್ಲಿ 12.50 ಕೊಟ್ಟು ಕೊಂಡ ಶೇರು ಆ ತಿಂಗಳಲ್ಲಿ 3 ರೂಪಾಯಿಗಿಂತ ಕೆಳಗಿಳಿಯಿತು.

ಇಲ್ಲೊಂದು ಮಾತು. ಆ ತೀರ್ಪಿನ ವೇಳೆ ಎಲ್ಲ ಕಂಪೆನಿಗಳ ಬಾಕಿಯೆಂದು ಸರಕಾರ ತೋರಿಸಿದ್ದ ಸುಮಾರು 92 ಸಾವಿರ ಕೋಟಿಯಲ್ಲಿ ಅಸಲು ಕಾಲುಭಾಗ ಮಾತ್ರ, ಸುಮಾರು 23 ಸಾವಿರ ಕೋಟಿ. ಉಳಿದುದೆಲ್ಲ ಬಡ್ಡಿ, ದಂಡ ಮತ್ತು ದಂಡದ ಮೇಲಿನ ಬಡ್ಡಿ! ಬಡ್ಡಿಯು ಬಡವನ ಗುಡಿಸಲನ್ನು ಮಾತ್ರವಲ್ಲ, ಬಂಡವಾಳಶಾಹಿಯ ಬಂಗಲೆಯನ್ನೂ ಅಲುಗಾಡಿಸಬಲ್ಲುದು. ಕೊನೆಗೆ ಅದರ ಭಾರ ಬಿದ್ದದ್ದು ಮಾತ್ರ ಬಂಗಲೆಯಲ್ಲಿರುವವರ ಮೇಲಷ್ಟೇ ಅಲ್ಲ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಬೆಲೆಯನ್ನು ನೋಡುವವರು ಬಹಳ; ಶೇರುಗಳ ಸಂಖ್ಯೆಯನ್ನು ನೋಡುವವರು ವಿರಳ. ವಿಲೀನವಾದಾಗ ಈ ಕಂಪೆನಿಯ ಒಟ್ಟು ಶೇರುಗಳು ಸುಮಾರು 873 ಕೋಟಿ. 2019ರ ಹೊಸ ಶೇರುಗಳ ಬಳಿಕ ಅವು 2,873 ಕೋಟಿಯಾದವು. 2023ರ ಫೆಬ್ರವರಿಯಲ್ಲಿ ಸರಕಾರವು ತನಗೆ ಬರಬೇಕಾದ 16,133 ಕೋಟಿ ರೂಪಾಯಿಯ ಬಡ್ಡಿಯನ್ನು ಶೇರುಗಳಾಗಿ ಪಡೆಯಿತು. 2024ರ ಎಪ್ರಿಲ್‌ನಲ್ಲಿ 11 ರೂಪಾಯಿಯಂತೆ ಶೇರು ಮಾರಿ ಕಂಪೆನಿಯು ಸಾರ್ವಜನಿಕರಿಂದ 18 ಸಾವಿರ ಕೋಟಿ ಸಂಗ್ರಹಿಸಿತು. 2025ರ ಎಪ್ರಿಲ್‌ನಲ್ಲಿ ಇನ್ನೂ 36,950 ಕೋಟಿ ರೂಪಾಯಿಯ ಬಾಕಿ ಶೇರುಗಳಾಗಿ ಬದಲಾಯಿತು. ಆಗ ಸರಕಾರದ ಪಾಲು ಶೇಕಡಾ 48.99ಕ್ಕೇರಿತು, ಒಟ್ಟು ಶೇರುಗಳ ಸಂಖ್ಯೆ 10,834 ಕೋಟಿಯಾಯಿತು.

ಏಳು ವರ್ಷಗಳೊಳಗೆ ಹನ್ನೆರಡು ಪಟ್ಟಿಗೂ ಹೆಚ್ಚು. ಒಂದು ತೆಂಗಿನ ತೋಟಕ್ಕೆ ಹನ್ನೆರಡು ಮಂದಿ ಪಾಲುದಾರರಿದ್ದಾರೆಂದು ಭಾವಿಸಿರಿ. ಸಾಲ ತೀರಿಸಲಾಗದೆ ಸಾಲಗಾರರನ್ನೇ ಪಾಲುದಾರರನ್ನಾಗಿ ಸೇರಿಸಿಕೊಳ್ಳುತ್ತಾ ಹೋಗಿ ಕೊನೆಗೆ ನೂರೈವತ್ತು ಮಂದಿಯಾದರು. ತೋಟ ಉಳಿಯಿತು, ಸರಿ. ಆದರೆ ಮೊದಲಿನವನ ಪಾಲಿಗೆ ಬರುವ ಕಾಯಿಗಳೆಷ್ಟು?

'ಹಿಂದೆ ಐಡಿಯಾದ ಶೇರು ನೂರು ದಾಟಿತ್ತು, ಮತ್ತೆ ನೂರಾಗಲಾರದೇ?' ಎಂದು ಕೇಳುವವರಿದ್ದಾರೆ. 10,834 ಕೋಟಿ ಶೇರುಗಳನ್ನು ನೂರರಿಂದ ಗುಣಿಸಿ ನೋಡಿರಿ. 10 ಲಕ್ಷದ 83 ಸಾವಿರ ಕೋಟಿ ರೂಪಾಯಿ. ಅಷ್ಟು ಬೆಲೆಬಾಳುವ ಕಂಪೆನಿಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಬೆಲೆಯು ಕಡಿಮೆಯಿದೆ ಎಂದ ಮಾತ್ರಕ್ಕೆ ಶೇರು ಅಗ್ಗವಾಗುವುದಿಲ್ಲ.

ಇನ್ನೊಂದು ವಾದವೂ ಇದೆ. 'ಸರಕಾರವೇ 10 ರೂಪಾಯಿ ಕೊಟ್ಟು ಕೊಂಡಿದೆ, ನಮಗೆ 7ಕ್ಕೆ ಸಿಕ್ಕಿದರೆ ಲಾಭವಲ್ಲವೇ?' ಸರಕಾರವು ಜೇಬಿನಿಂದ ಹಣ ಕೊಟ್ಟು ಕೊಂಡದ್ದಲ್ಲ. ಬರಬೇಕಾದ ಬಾಕಿ ಸದ್ಯಕ್ಕೆ ಬರಲಾರದೆಂದಾದಾಗ ಅದರ ಬದಲಿಗೆ ಶೇರು ಪಡೆಯಿತು. 10 ರೂಪಾಯಿ ಎಂಬ ದರವಾದರೂ ಎಲ್ಲಿಂದ ಬಂತು? ಈ ಶೇರಿನ ಮುಖಬೆಲೆ 10 ರೂಪಾಯಿ, ಕಂಪೆನಿ ಕಾಯಿದೆಯು ಮುಖಬೆಲೆಗಿಂತ ಕಡಿಮೆಗೆ ಹೊಸ ಶೇರು ನೀಡಲು ಸಾಮಾನ್ಯವಾಗಿ ಅನುಮತಿಸುವುದಿಲ್ಲ. ಅದನ್ನು ಶೇರಿನ ಯೋಗ್ಯತೆಗೆ ಸರಕಾರ ಕೊಟ್ಟ ಪ್ರಮಾಣಪತ್ರವೆಂದು ಓದುವುದು ತಪ್ಪು. ಸರಕಾರದ ಉದ್ದೇಶಗಳೇ ಬೇರೆ. ಕೋಟ್ಯಂತರ ಗ್ರಾಹಕರ ಸೇವೆ ನಿಲ್ಲಬಾರದು, ಇಡೀ ಮಾರುಕಟ್ಟೆ ಎರಡೇ ಖಾಸಗಿ ಕಂಪೆನಿಗಳ ಮುಷ್ಟಿಗೆ ಹೋಗಬಾರದು, ಬ್ಯಾಂಕುಗಳ ಸಾಲವೂ ತನ್ನ ಬಾಕಿಯೂ ಮುಳುಗಬಾರದು. ಇವೆಲ್ಲ ನ್ಯಾಯವಾದ ಉದ್ದೇಶಗಳೇ. ಗ್ರಾಹಕರಾಗಿ ನಾವೂ ಮೂರನೆಯ ಕಂಪೆನಿ ಉಳಿಯಲೆಂದೇ ಬಯಸುತ್ತೇವೆ. ಆದರೆ ಈ ಪಟ್ಟಿಯಲ್ಲಿ ಸಣ್ಣ ಶೇರುದಾರನ ಹೆಸರಿಲ್ಲ.

2024ರ ಸೆಪ್ಟೆಂಬರ್ 19ರಂದು ಬಾಕಿಯ ಲೆಕ್ಕ ಸರಿಪಡಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ ಸುದ್ದಿ ಬಂದಾಗ ಒಂದೇ ದಿನದಲ್ಲಿ ಶೇರು ಐದರಲ್ಲಿ ಒಂದು ಭಾಗದಷ್ಟು ಬಿತ್ತು. 2025ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ಬಾಕಿಯನ್ನು ಮರುಪರಿಶೀಲಿಸಲು ಸರಕಾರಕ್ಕೆ ಅವಕಾಶ ನೀಡಿದಾಗ ಉತ್ಸಾಹ ಮರಳಿತು. ಹೀಗೆ ವ್ಯಾಪಾರದ ಏಳುಬೀಳಿಗಿಂತಲೂ ಹೆಚ್ಚಾಗಿ ನ್ಯಾಯಾಲಯ ಮತ್ತು ಸಚಿವ ಸಂಪುಟದ ತೀರ್ಮಾನಗಳ ಮೇಲೆ ನಿಂತಿರುವ ಶೇರನ್ನು ಸಣ್ಣ ಕುಟುಂಬವೊಂದು ಅಂದಾಜು ಮಾಡುವುದಾದರೂ ಹೇಗೆ?

ಬಿದ್ದಂತೆಲ್ಲ ಮತ್ತಷ್ಟು ಕೊಳ್ಳುವ ಚಾಳಿ ಇನ್ನೂ ಅಪಾಯಕಾರಿ. ಇದಕ್ಕೆ 'ಆವರೇಜ್ ಮಾಡುವುದು' ಎನ್ನುತ್ತಾರೆ. 15 ರೂಪಾಯಿಗೆ ಸಾವಿರ ಶೇರು ಕೊಂಡವನು 7 ರೂಪಾಯಿಗೆ ಇನ್ನೊಂದು ಸಾವಿರ ಕೊಂಡರೆ ಸರಾಸರಿ 11ಕ್ಕಿಳಿಯುತ್ತದೆ. ಕಾಗದದಲ್ಲಿ ನೋಡಲು ಹಿತವಾಗಿರುತ್ತದೆ. ಆದರೆ ಆಪತ್ತಿನಲ್ಲಿರುವ ಹಣವು 15 ಸಾವಿರದಿಂದ 22 ಸಾವಿರಕ್ಕೇರಿತೆಂಬುದನ್ನು ಆ ಸರಾಸರಿ ಹೇಳುವುದಿಲ್ಲ. ಮಗಳ ಮದುವೆಗೋ ಮಗನ ಕಾಲೇಜು ಶುಲ್ಕಕ್ಕೋ ಎತ್ತಿಟ್ಟದ್ದು ಹೀಗೆ ಸ್ವಲ್ಪ ಸ್ವಲ್ಪವಾಗಿ, ಮನೆಯವರಿಗೂ ತಿಳಿಯದಂತೆ ಅತ್ತ ಸರಿಯುತ್ತದೆ.

ಕಂಪೆನಿಯನ್ನು ಯಾರೂ ಉಳಿಸದಿದ್ದರೆ ಏನಾಗುತ್ತದೆ? ರಿಲಯನ್ಸ್ ಕಮ್ಯೂನಿಕೇಶನ್ಸ್ ನಮ್ಮ ಮುಂದಿದೆ. 2008ರ ಜನವರಿಯಲ್ಲಿ ಅದರ ಶೇರು 800 ರೂಪಾಯಿ ದಾಟಿತ್ತು. 2017ರ ಕೊನೆಗೆ ಮೊಬೈಲ್ ಸೇವೆ ನಿಂತಿತು, 2019ರ ಮೇ ತಿಂಗಳಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು, ಆ ವರ್ಷದ ನವೆಂಬರ್‌ನಲ್ಲಿ ಶೇರಿಗೆ ಒಂದು ರೂಪಾಯಿಯೂ ಇರಲಿಲ್ಲ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪೆನಿಯ ಸೊತ್ತು ಮಾರಿ ಬಂದ ಹಣದಲ್ಲಿ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರು, ಬ್ಯಾಂಕುಗಳು, ಸರಕಾರ ಎಲ್ಲರೂ ಪಡೆದ ಮೇಲೆ, ಸಾಲಿನ ಕಟ್ಟಕಡೆಯಲ್ಲಿ ಸಾಮಾನ್ಯ ಶೇರುದಾರ ನಿಂತಿರುತ್ತಾನೆ. ಅವನ ಸರದಿ ಬರುವಾಗ ತಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ.

ಇಂತಹ ಶೇರುಗಳನ್ನು ಈಗಾಗಲೇ ಇಟ್ಟುಕೊಂಡಿರುವವರಿಗೆ ಮಾರಿ ಅಥವಾ ಮಾರಬೇಡಿ ಎಂದು ವೇದಿಕೆಯಲ್ಲಿ ನಿಂತು ಹೇಳುವುದು ನಮ್ಮ ಕೆಲಸವಲ್ಲ. ಆದರೆ 'ಮಾರಿದರೆ ತಾನೇ ನಷ್ಟ' ಎಂಬ ಸಮಾಧಾನವನ್ನು ಬಿಡಿರಿ. ಕೊಂಡ ಬೆಲೆಯನ್ನು ಪೇಟೆಯು ನೆನಪಿಟ್ಟುಕೊಳ್ಳುವುದಿಲ್ಲ. ಇಂದು ಅಷ್ಟೇ ಹಣ ಕೈಯಲ್ಲಿದ್ದಿದ್ದರೆ ಇದೇ ಶೇರನ್ನು ಕೊಳ್ಳುತ್ತಿದ್ದೆವೇ ಎಂದು ಮನೆಯವರೆಲ್ಲ ಕುಳಿತು ಕೇಳಿಕೊಳ್ಳಿರಿ. ಮಾರಲು ತೀರ್ಮಾನಿಸಿದವರು ಆ ನಷ್ಟವನ್ನು ಆದಾಯ ತೆರಿಗೆ ವಿವರದಲ್ಲಿ ಗಡುವಿನೊಳಗೆ ತೋರಿಸಬೇಕು. ಹಾಗೆ ಮಾಡಿದರೆ ಮುಂದಿನ ಎಂಟು ವರ್ಷಗಳವರೆಗೆ ಬಂಡವಾಳ ಲಾಭದೆದುರು ಅದನ್ನು ವಜಾ ಮಾಡಿಕೊಳ್ಳಬಹುದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಶೇರಿನ ನಷ್ಟವು ದೀರ್ಘಾವಧಿ ಲಾಭದೆದುರು ಮಾತ್ರ ಸಲ್ಲುತ್ತದೆ, ಅದಕ್ಕಿಂತ ಕಡಿಮೆ ಅವಧಿಯದ್ದು ಎರಡಕ್ಕೂ ಸಲ್ಲುತ್ತದೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲವೆಂದು ವಿವರ ಸಲ್ಲಿಸದವರು ಈ ಹಕ್ಕನ್ನು ಕಳಕೊಳ್ಳುತ್ತಾರೆ.